ಮಳೆ ಅಳೆದು ಕೊಟ್ಟ ಸುತ್ತು

ಶ್ರೀನಿವಾಸಪುರದ ಆಸುಪಾಸಿನಲ್ಲಿ ಓಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು: ಕೆರೆ ತುಂಬಿದ ವರ್ಷ ಸುತ್ತು ದೊಡ್ಡದಾಗುತ್ತದೆ. ಬರಗಾಲದಲ್ಲಿ ಏರಿಯಿಂದ ಇಳಿದು, ಬಿರುಕುಬಿಟ್ಟ ಕೆರೆಯಂಗಳದಲ್ಲಿ ಜಾಲಿ ಮರಗಳ ನಡುವೆ ನೇರ ಹಾಯ್ದರೆ ಆಚೆ ದಡ ಸಿಕ್ಕಿಬಿಡುತ್ತಿತ್ತು. ನೀರು ನಿಂತ ಮೇಲೆ ಆ ಅಡ್ಡದಾರಿ ಮುಗಿಯಿತು. ಅಂಚು ಹಿಡಿದು, ಜೊಂಡು ಬಳಸಿ, ಮಾವಿನ ತೋಪಿನ ಬೇಲಿಗೆ ಒತ್ತಿಕೊಂಡು, ಕಾಲುವೆ ದಾಟಿ ಹೋಗಬೇಕು. ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದ ಟ್ರ್ಯಾಕ್ ಬೇಸಿಗೆಯಲ್ಲೂ 400 ಮೀಟರ್, ಮಳೆಗಾಲದಲ್ಲೂ 400 ಮೀಟರ್. ಕೆರೆಯ ಸುತ್ತಿಗೆ ಅಂಥ ಕಟ್ಟುಪಾಡಿಲ್ಲ. ಆ ವರ್ಷ ಎಷ್ಟು ಮಳೆ ಬಂತೋ ಅಷ್ಟು ಉದ್ದ.

ಮ್ಯಾರಥಾನ್‌ಗೆ ತಯಾರಾಗುವವರು ವಾರಕ್ಕೊಮ್ಮೆ ದೂರದ ಓಟ ಓಡುತ್ತಾರೆ. ಭಾನುವಾರ ಬೆಳಿಗ್ಗೆ, ಅವಸರವಿಲ್ಲದೆ, ಎರಡು ಗಂಟೆಯೋ ಎರಡೂವರೆ ಗಂಟೆಯೋ. ಬೆಂಗಳೂರಿನಲ್ಲಾದರೆ ಅದಕ್ಕೆ ಕಬ್ಬನ್ ಪಾರ್ಕ್ ಇದೆ, ಲಾಲ್‌ಬಾಗ್ ಇದೆ, ಹೂಳೆತ್ತಿ ಸುತ್ತ ದಾರಿ ಹಾಕಿ ಗೇಟು ಇಟ್ಟ ಕೆರೆಗಳಿವೆ. ನಮ್ಮ ಕಡೆ ಚಿಂತಾಮಣಿ ರಸ್ತೆ, ಮುಳಬಾಗಿಲು ರಸ್ತೆ, ಕೋಲಾರದ ರಸ್ತೆ. ಟೊಮೆಟೊ ಹೊತ್ತ ಕ್ಯಾಂಟರ್‌ಗಳು, ಮಾವಿನ ಕಾಲದಲ್ಲಿ ಲಾರಿಗಳ ಸಾಲು. ನಸುಕಿನಲ್ಲಿ ಆ ರಸ್ತೆಗಳ ಅಂಚಿನಲ್ಲಿ ಓಡುವುದು ಜೀವಕ್ಕೆ ಎರವು. ಹಾಗಾಗಿ ನಾನು ಕೆರೆಯ ಕಡೆ ತಿರುಗಿದೆ. ರೋಣೂರು ಕಡೆಗೆ ಹೋದರೂ ಸರಿ, ಯಲ್ದೂರು ಕಡೆಗೆ ಹೋದರೂ ಸರಿ, ಸ್ವಲ್ಪ ದೂರದಲ್ಲಿ ಒಂದು ಏರಿ ಎದುರಾಗುತ್ತದೆ. ಅದನ್ನು ಹತ್ತಿದರೆ ಓಟ ಶುರು.

ಏರಿ ಎಲ್ಲರಿಗೂ ಗೊತ್ತು. ಅದರ ಮೇಲೆ ಗಾಡಿ ದಾರಿ ಇರುತ್ತದೆ, ಎಷ್ಟೋ ಕಡೆ ಟಾರು ಬಿದ್ದಿದೆ, ಬಸ್ಸೂ ಓಡುತ್ತದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಅಚ್ಚುಕಟ್ಟಿನ ಗದ್ದೆ, ತೋಟ. ನಡುವೆ ತೂಬಿನ ಕಲ್ಲು ಕಂಬಗಳು, ಕೊನೆಯಲ್ಲಿ ಕೋಡಿ. ಫೋಟೊ ತೆಗೆಯುವವರೂ, ಬಾಗಿನ ಬಿಡುವವರೂ, ಗಂಗಾಪೂಜೆಗೆ ಬರುವ ಗಣ್ಯರೂ ನಿಲ್ಲುವುದು ಏರಿಯ ಮೇಲೆಯೇ. ಆದರೆ ಕೆರೆಯ ಸುತ್ತಳತೆಯಲ್ಲಿ ಏರಿಯದು ಸಣ್ಣ ಪಾಲು. ಮಿಕ್ಕಿದ್ದೆಲ್ಲ ಹಿನ್ನೀರಿನ ಅಂಚು. ಅಲ್ಲಿಗೆ ಹೋಗುವವರು ದನಗಾಹಿಗಳು, ಬಲೆ ಹಾಕುವವರು, ಆಚೆ ದಡದಲ್ಲಿ ಹೊಲ ಇರುವವರು. ಕೆರೆ ಕಿರಿದಾಗುವುದು ಆ ಕಡೆಯಿಂದ. ಏರಿಯನ್ನು ಯಾರೂ ಒತ್ತುವರಿ ಮಾಡುವುದಿಲ್ಲ, ಹಿಂಭಾಗದಲ್ಲಿ ವರ್ಷಕ್ಕೊಂದು ಸಾಲು ಉಳುಮೆ ಮುಂದೆ ಬರುತ್ತದೆ. ನೀರಿನ ಅಂಚು ಹಿಡಿದು ಪೂರ್ತಿ ಸುತ್ತು ಹಾಕುವವನಿಗೆ ಅದು ಕಾಣದೆ ಇರುವುದಿಲ್ಲ. ಹೋದ ವರ್ಷ ಓಡಿದ ಹುಲ್ಲುಹಾದಿಯ ಮೇಲೆ ಈ ವರ್ಷ ನೇಗಿಲ ಗೆರೆ ಇರುತ್ತದೆ.

ಈ ಜಿಲ್ಲೆಗೆ ಕೆರೆ ಎಂದರೆ ಏನೆಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್ ನಮ್ಮ ಜಿಲ್ಲೆಯನ್ನು ಹಾದು ತಮಿಳುನಾಡಿಗೆ ಹೋಗುತ್ತದೆ, ನಂದಿ ಬೆಟ್ಟಗಳ ಕಡೆಯಿಂದ ಬರುವ ಪಾಪಾಗ್ನಿ ಶ್ರೀನಿವಾಸಪುರ ತಾಲ್ಲೂಕನ್ನು ಸವರಿಕೊಂಡು ಆಂಧ್ರಕ್ಕೆ ಇಳಿಯುತ್ತದೆ. ಎರಡೂ ಮಳೆ ಬಂದಾಗ ಮಾತ್ರ ಹೊಳೆ, ಉಳಿದ ದಿನ ಮರಳು. ಅದಕ್ಕೇ ನಮ್ಮ ಹಿರೀಕರು ಇಳಿಜಾರು ಕಂಡಲ್ಲೆಲ್ಲ ಅಡ್ಡಕ್ಕೆ ಮಣ್ಣಿನ ಏರಿ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. 1892ರ ಮದ್ರಾಸ್–ಮೈಸೂರು ಒಪ್ಪಂದ ಪಾಲಾರ್, ಪಾಪಾಗ್ನಿ ಎರಡನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡು, ಮದ್ರಾಸಿನ ಒಪ್ಪಿಗೆ ಇಲ್ಲದೆ ಹೊಸ ಜಲಾಶಯ ಕಟ್ಟುವಂತಿಲ್ಲ ಎಂದಿತು. ಹೀಗಾಗಿ ಹಳಬರು ಬಿಟ್ಟು ಹೋದ ಕೆರೆಗಳೇ ನಮ್ಮ ಆಸ್ತಿ.

ಆ ಆಸ್ತಿ ಬಹಳ ಕಾಲ ಬರಿದಾಗಿತ್ತು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ಫ್ಲೋರೈಡ್ ನೀರು, ಹೊಲ ಬಿಟ್ಟು ಬೆಂಗಳೂರಿಗೆ ರೈಲು ಹತ್ತಿದವರು, ಬೆಟ್ಟದ ತಪ್ಪಲಿಂದ ಕೆರೆಯಂಚಿನವರೆಗೆ ನೀಲಗಿರಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಕೆರೆಯಂಗಳವೆಂದರೆ ಕರಿಜಾಲಿಯ ಕಾಡು, ಕ್ರಿಕೆಟ್ ಮೈದಾನ, ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಗುಂಡಿ. ಆಮೇಲೆ 2021ರ ನವೆಂಬರ್ ಬಂತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಂದರ ಹಿಂದೆ ಒಂದು ಬಂದು, ವಿಶಾಖ ಮಳೆ ದಿನಗಟ್ಟಲೆ ಜಡಿಯಿತು. ಕೋಲಾರಮ್ಮನ ಕೆರೆ ಕೋಡಿ ಹರಿಯಿತು, ಪಾಲಾರ್ ಮೇಲಿನ ಬೇತಮಂಗಲದ ಕೆರೆ ಕೋಡಿ ಹರಿಯಿತು, ಎಷ್ಟೋ ಹಳ್ಳಿಗಳಲ್ಲಿ ಇಪ್ಪತ್ತು ತುಂಬಿದ ಹುಡುಗರು ತಮ್ಮೂರ ಕೆರೆಯ ಕೋಡಿ ಹರಿಯುವುದನ್ನು ಮೊದಲ ಸಲ ನೋಡಿದರು. ಅದೇ ಮಳೆಗೆ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಕೆರೆ ನೋಡಿ ಕೈಮುಗಿದವರೇ ಹೊಲ ನೋಡಿ ತಲೆಗೆ ಕೈ ಹೊತ್ತರು. ಆ ಮಳೆಯ ನೆನಪು ತೆಗೆದರೆ ಎರಡೂ ಒಟ್ಟಿಗೇ ಬರುತ್ತವೆ.

ಒದ್ದೆ ನೆಲದ ಮೇಲೆ ದೂರ ಓಡುವುದು ಬೇರೆಯೇ ಕಸುಬು. ಮೊದಲು ಗಡಿಯಾರದ ಮೇಲಿನ ನಂಬಿಕೆ ಬಿಡಬೇಕು. ಟಾರು ರಸ್ತೆಯಲ್ಲಿ ಕಿಲೋಮೀಟರಿಗೆ ಆರು ನಿಮಿಷದಲ್ಲಿ ಹೋಗುವವನು ಹಿನ್ನೀರಿನ ಅಂಚಿನಲ್ಲಿ ಏಳೂವರೆಗೆ ಬಂದರೂ ಎದೆಬಡಿತ ಅಷ್ಟೇ ಇರುತ್ತದೆ. ನಮ್ಮ ಕೆಂಪು ಮಣ್ಣು ಮಳೆ ನಿಂತ ಮಾರನೆಯ ದಿನಕ್ಕೇ ಗಟ್ಟಿಯಾಗಿ ಓಡಲು ಹಿತವಾಗುತ್ತದೆ. ಕೆರೆಯ ಗೋಡು ಹಾಗಲ್ಲ. ಮೇಲೆ ಹೆಪ್ಪುಗಟ್ಟಿದಂತೆ ಕಂಡು ಕೆಳಗೆ ಮೆತ್ತಗಿರುತ್ತದೆ, ಹೆಜ್ಜೆ ಇಟ್ಟರೆ ಹಿಮ್ಮಡಿ ಹಿಡಿದು ಬಿಡುತ್ತದೆ. ಬೂಟಿನ ಅಡಿಗೆ ಪದರ ಪದರವಾಗಿ ಅಂಟಿ, ನೂರು ಹೆಜ್ಜೆಗೆ ಕಾಲು ಎರಡರಷ್ಟು ಭಾರ. ಅದನ್ನು ಕಲ್ಲಿಗೆ ಬಡಿದು ಕೆಡವಿ ಮುಂದೆ ಹೋಗಬೇಕು. ಹುಲ್ಲು ಇರುವ ಕಡೆ ಕಾಲಿಡುವುದು, ನೀರಿನಿಂದ ನಾಲ್ಕು ಮಾರು ಮೇಲೆಯೇ ಇರುವುದು, ದನ ನಡೆದ ದಾರಿ ಸಿಕ್ಕರೆ ಅದನ್ನು ಬಿಡದಿರುವುದು. ಇವನ್ನು ಯಾರೂ ಕಲಿಸುವುದಿಲ್ಲ, ಕಾಲೇ ಕಲಿಯುತ್ತದೆ. ದನಗಳು ನಡೆದು ಮಾಡಿದ ದಾರಿಯಲ್ಲಿ ನೆಲ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ.

ಕಷ್ಟದ ಜಾಗ ಎರಡು. ಒಂದು ಕೋಡಿ. ನೀರು ಹೊರಗೆ ಹರಿಯುತ್ತಿರುವಾಗ ಕೋಡಿಯ ಕಲ್ಲುಕಟ್ಟೆಯ ಮೇಲೆ ಪಾಚಿ ಕಟ್ಟಿರುತ್ತದೆ. ನೀರು ಪಾದ ಮುಳುಗುವಷ್ಟೇ ಇದ್ದರೂ ಕಾಲು ನಿಲ್ಲುವುದಿಲ್ಲ. ಅಲ್ಲಿ ಓಡಬಾರದು, ನಡೆಯಬೇಕು. ಪಾದ ಎತ್ತದೆ ಸರಿಸುತ್ತ, ಮೈಯನ್ನು ನೀರು ಬರುವ ಕಡೆಗೆ ವಾಲಿಸಿ ದಾಟಬೇಕು. ನೀರು ಮೊಣಕಾಲು ಮುಟ್ಟಿದರೆ ಹಿಂತಿರುಗುವುದೇ ಸರಿ, ಸುತ್ತು ಅರ್ಧಕ್ಕೆ ನಿಂತರೂ ಪರವಾಗಿಲ್ಲ. ಇನ್ನೊಂದು, ಮೇಲಿನಿಂದ ನೀರು ತರುವ ರಾಜಕಾಲುವೆ ಕೆರೆ ಸೇರುವ ಜಾಗ. ಬೇಸಿಗೆಯಲ್ಲಿ ಹಾರಿ ದಾಟುವ ತೋಡು ಅದು, ಒಂದು ದೊಡ್ಡ ಮಳೆಗೆ ದಡ ಕೊಚ್ಚಿಕೊಂಡು ಆಳವಾಗಿರುತ್ತದೆ. ಹೀಗೆ ಒಮ್ಮೆ ಅಂಥ ಕಡೆ ನಿಂತು ನೋಡುತ್ತಿದ್ದಾಗ ಆಚೆ ದಡದಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ಕೂಗಿ ಹೇಳಿದರು: ‘ಆ ಕಡೆ ಇಳೀಬ್ಯಾಡ ನಾಯನಾ, ಕೊರ್ಕೊಂಡು ಹೋಗೈತೆ. ಮೇಲಕ್ಕೆ ಬಾ, ಹೊಂಗೆ ಮರದ ತಾವ ಬಂಡೆ ಐತೆ, ಅಲ್ಲಿ ದಾಟು.’ ನಾನು ಹೊಂಗೆ ಮರದ ಹತ್ತಿರ ಹೋಗಿ ನೋಡಿದರೆ ನೀರಿನಡಿ ಚಪ್ಪಟೆ ಬಂಡೆ, ಅದರ ಮೇಲೆ ಎಮ್ಮೆಗಳ ಗೊರಸು ಸವೆಸಿದ ತಗ್ಗು. ದಾಟಿ ಬಂದ ಮೇಲೆ ಅಜ್ಜ ಇನ್ನೂ ನಿಂತಿದ್ದರು. ಅವರಪ್ಪನ ಕಾಲದಲ್ಲಿ ಈ ಕೆರೆಗೆ ನೀರುಗಂಟಿ ಇದ್ದನಂತೆ. ತೂಬು ಎತ್ತುವುದು ಇಳಿಸುವುದು ಅವನ ಕೆಲಸ, ಮಳೆಗಾಲದಲ್ಲಿ ರಾತ್ರಿ ಲಾಟೀನು ಹಿಡಿದು ಏರಿ ಉದ್ದಕ್ಕೂ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ನೋಡುವುದೂ ಅವನದೇ, ಕಾಲುವೆಯ ಹೂಳು ತೆಗೆಸಲು ಊರವರನ್ನು ಕರೆಯುವುದೂ ಅವನೇ. ಕೂಲಿ ಎಂದು ಸುಗ್ಗಿಯಲ್ಲಿ ಕಣದಿಂದ ಕಾಳು. ‘ಈಗ ಯಾರಿದಾರೆ ಸುತ್ತಾಕ್ಕೊಂಡು ನೋಡಕ್ಕೆ’ ಎಂದು ಎಮ್ಮೆಯ ಹಿಂದೆ ಹೋದರು.

ಮೀನು ಗುತ್ತಿಗೆ ಹಿಡಿದವರು, ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ ಎಂದು ಕೆರೆಗೆ ಒಡೆಯರು ಬಹಳ. ದಿನಾ ಸುತ್ತು ಹಾಕಿ ನೋಡುವವರು ಅವರಲ್ಲಿ ಯಾರೂ ಇಲ್ಲ.

ನಮ್ಮ ತಾಲ್ಲೂಕಿನಲ್ಲಿ ಓಡುವವರು ಯಾರು ಎಂದರೆ, ಮ್ಯಾರಥಾನ್ ಮಂದಿ ಬೆರಳೆಣಿಕೆ. ಮಿಕ್ಕವರೆಲ್ಲ ಪೊಲೀಸ್, ಸೇನೆಯ ನೇಮಕಾತಿಗೆ ತಯಾರಾಗುವ ಹುಡುಗರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ ಐದೂವರೆ ನಿಮಿಷದೊಳಗೆ ಬಂದವರಿಗೆ ಓಟದ ಪೂರ್ತಿ ಅಂಕ. ರಾಗಿ ಮುದ್ದೆ ಉಂಡು ಬೆಳೆದ ಗಟ್ಟಿ ಹುಡುಗರು, ಮನೆಯಲ್ಲಿ ಒಂದೆರಡು ಎಕರೆ, ಈ ನೌಕರಿ ಸಿಕ್ಕರೆ ಮನೆ ನಿಲ್ಲುತ್ತದೆ. ಅವರು ದಿನಾ ನಸುಕಿನಲ್ಲಿ ಟಾರು ರಸ್ತೆಗೆ ಇಳಿದು ಉಸಿರು ಬಿಗಿಹಿಡಿದು 1600 ಮೀಟರ್ ಓಡುತ್ತಾರೆ. ಮರುದಿನ ಮತ್ತೆ ಅದನ್ನೇ. ಒಂದೂವರೆ ತಿಂಗಳಲ್ಲಿ ಮೊಣಕಾಲಿನ ಕೆಳಗೆ ಮುಂಗಾಲ ಮೂಳೆ ನೋಯಲು ಶುರುವಾಗುತ್ತದೆ, ಸಮಯ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಆಗ ಇನ್ನೂ ಜೋರಾಗಿ ಓಡುತ್ತಾರೆ. ಅವರಿಗೆ ಕಮ್ಮಿಯಿರುವುದು ಛಲವಲ್ಲ, ನಿಧಾನ.

1600 ಮೀಟರ್ ಓಟಕ್ಕೆ ಬೇಕಾಗುವ ಶಕ್ತಿಯ ಮುಕ್ಕಾಲಿಗಿಂತ ಹೆಚ್ಚು ಪಾಲು ಬರುವುದು ಉಸಿರಾಡಿದ ಆಮ್ಲಜನಕ ಬಳಸಿಕೊಳ್ಳುವ ದಾರಿಯಿಂದ. ಆ ದಾರಿ ಅಗಲವಾಗುವುದು ನಿಧಾನದ ದೂರದ ಓಟದಲ್ಲಿ. ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡಿದಾಗ ಸ್ನಾಯುಗಳಲ್ಲಿ ಕೂದಲೆಳೆಯಂಥ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಉರುವಲಾಗಿ ಬಳಸುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಹದ ಎಂದರೆ ಪಕ್ಕದವನ ಜೊತೆ ಮಾತಾಡುತ್ತಾ ಓಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಎಂದರ್ಥ. ಕೆಸರು ದಾರಿಯಲ್ಲಿ ಬೇಕೆಂದರೂ ವೇಗ ಜಾಸ್ತಿಯಾಗುವುದಿಲ್ಲ. ಅದಕ್ಕೇ ಈ ಹುಡುಗರಿಗೆ ಕೆರೆಯ ಸುತ್ತಿಗಿಂತ ಒಳ್ಳೆಯ ಗುರು ಇಲ್ಲ ಎಂದು ನಾನು ನಂಬಿದ್ದೇನೆ. ಮೆತ್ತನೆಯ ನೆಲ ಮೂಳೆಯನ್ನು ಕಾಯುತ್ತದೆ, ಏರುಪೇರು ಹರಡನ್ನು ಬಲಪಡಿಸುತ್ತದೆ.

ಇದನ್ನು ಲೋಕಕ್ಕೆ ತೋರಿಸಿಕೊಟ್ಟವನು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಒಬ್ಬ ಚಪ್ಪಲಿ ಕಾರ್ಖಾನೆಯ ಕೆಲಸಗಾರ, ಆರ್ಥರ್ ಲಿಡಿಯಾರ್ಡ್. ಊರಿನ ಪಶ್ಚಿಮಕ್ಕೆ ವೈಟಾಕೆರೆ ಎಂಬ ಬೆಟ್ಟಸಾಲು, ದಟ್ಟ ಕಾಡು, ಸದಾ ಮಳೆ. ಅದರ ಮೇಲೆ ವೈಅಟರುವಾ ಹಳ್ಳಿಗೆ ಹತ್ತಿ ಇಳಿಯುವ 22 ಮೈಲಿಯ ಸುತ್ತನ್ನು ಆತ ಮೊದಲು ತನ್ನ ಕಾಲ ಮೇಲೆಯೇ ಪ್ರಯೋಗ ಮಾಡಿದ. ಆಮೇಲೆ ತನ್ನ ಓಣಿಯ, ಅಕ್ಕಪಕ್ಕದ ಹುಡುಗರನ್ನು ಭಾನುವಾರ ಅಲ್ಲಿಗೆ ಕರೆದೊಯ್ದ. ಬರೀ 800 ಮೀಟರ್ ಓಡುವ ಪೀಟರ್ ಸ್ನೆಲ್‌ಗೂ ಅದೇ 22 ಮೈಲಿ. ರಗ್ಬಿ ಆಟದಲ್ಲಿ ಪೆಟ್ಟಾಗಿ ಎಡಗೈ ಸೊರಗಿದ್ದ ಮರ‍್ರೆ ಹಾಲ್‌ಬರ್ಗ್‌ಗೂ ಅದೇ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಗೆದ್ದ, ಸ್ವಲ್ಪ ಹೊತ್ತಿಗೇ ಹಾಲ್‌ಬರ್ಗ್ 5000 ಮೀಟರ್ ಗೆದ್ದ. ಅದೇ ಕೂಟದಲ್ಲಿ, ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಗೆದ್ದ ಮ್ಯಾರಥಾನ್‌ನಲ್ಲಿ, ಲಿಡಿಯಾರ್ಡ್‌ನ ಇನ್ನೊಬ್ಬ ಶಿಷ್ಯ ಬ್ಯಾರಿ ಮಗೀ ಕಂಚು ತಂದ. ಒಂದೇ ಬಡಾವಣೆಯ ಸುತ್ತಮುತ್ತಲಿನವರು, ಒಂದೇ ಒದ್ದೆ ಬೆಟ್ಟದ ದಾರಿ. ನಮ್ಮಲ್ಲೂ ಬಿಹಾರದ ಸೈನಿಕ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ದಶಕಗಳ ಕಾಲ ಭಾರತದ ಯಾರಿಂದಲೂ ಆ ಸಮಯ ಮೀರಲು ಆಗಲಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೋಲಾರದ ಹಲವು ಕೆರೆಗಳಿಗೆ ಈಗ ಬರುತ್ತಿರುವುದು ಮಳೆ ನೀರು ಮಾತ್ರವಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಈ ಕಡೆ ಹರಿಸುತ್ತಿದ್ದಾರೆ. ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಅಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್, ಪಟ್ಟಿಯಲ್ಲಿದ್ದ ಕೆರೆಗಳು 126. ಅದೇ ವರ್ಷ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಇಲ್ಲಿನ ರೈತರು ಇವತ್ತಿಗೂ ಕೇಳುತ್ತಿದ್ದಾರೆ, ಅವರ ಬೇಡಿಕೆ ನ್ಯಾಯವಾದದ್ದು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದ್ದೂ ನಿಜ. ಓಡುವವರಿಗೆ ನಾನು ಹೇಳುವುದಿಷ್ಟು: ಕಾಲಿನಲ್ಲಿ ಗಾಯ, ಗುಳ್ಳೆ ಇದ್ದರೆ ಯಾವ ಕೆರೆಯ ನೀರಿಗೂ ಇಳಿಯಬೇಡಿ. ಇಲಿಜ್ವರ ಬರುವುದು ಹೀಗೇ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕಾಲು ತೊಳೆಯಿರಿ. ಪಂಪ್‌ಸೆಟ್‌ನ ವೈರು ಅಂಚಿನಲ್ಲಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಗುಡುಗು ಕೇಳಿದರೆ ಏರಿಯ ಮೇಲೆ ನಿಲ್ಲಬೇಡಿ, ಆ ಬಯಲಿನಲ್ಲಿ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಹುಲ್ಲು ಮೊಣಕಾಲು ದಾಟಿದ ಕಡೆ ಕೊಳಕುಮಂಡಲ ಇರುತ್ತದೆ, ಅಲ್ಲಿ ನಡೆದೇ ಹೋಗಿ.

ಇಷ್ಟೆಲ್ಲ ಎಚ್ಚರ ವಹಿಸಿ ಓಡಿದವನಿಗೆ ಏನು ಸಿಗುತ್ತದೆ? ಸ್ವಾತಿ ಮಳೆ ಮುಗಿದು ಮೋಡ ಕೆಳಗಿಳಿದ ಬೆಳಿಗ್ಗೆ, ಹೆಜ್ಜೆ ಸಪ್ಪಳಕ್ಕೆ ಟಿಟ್ಟಿಭ ಎದ್ದು ಕೂಗುತ್ತ ತಲೆಯ ಮೇಲೆ ಸುತ್ತುತ್ತದೆ. ಒಮ್ಮೊಮ್ಮೆ ಸುತ್ತಿನ ಕಾಲು ಭಾಗ ಹಿಂದೆಯೇ ಬರುತ್ತದೆ. ಗುಳುಮುಳಕ ಇಲ್ಲಿ ಮುಳುಗಿ ಅಲ್ಲಿ ಏಳುತ್ತದೆ. ಸತ್ತು ನಿಂತ ಜಾಲಿ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿರುತ್ತವೆ. ಆ ಮರಗಳು ಬರಗಾಲದಲ್ಲಿ ಕೆರೆಯನ್ನು ಆವರಿಸಿದ್ದವು, ನೀರು ನಿಂತ ಮೇಲೆ ಹಕ್ಕಿಗಳ ಪಾಲಾದವು. ಮಾವಿನ ತೋಪುಗಳಲ್ಲಿ ತೋತಾಪುರಿ, ನೀಲಂ, ಬಾದಾಮಿ ಮರಗಳ ಎಲೆ ತೊಳೆದು ಕಪ್ಪು ಹಸಿರಾಗಿರುತ್ತದೆ. ಡಿಸೆಂಬರ್ ಕಳೆದು ಹೂ ಬಿಡಲು ಶುರುವಾದರೆ ತೋಪಿನಲ್ಲಿ ಔಷಧಿ ಹೊಡೆಯುತ್ತಾರೆ, ಆಗ ಆ ಬದಿ ಬಿಟ್ಟು ಓಡಬೇಕು.

ಕೆರೆಯೊಂದರ ಸುತ್ತು ಸಾಲದಾದಾಗ ಕಾಲುವೆ ಹಿಡಿಯುವುದು ಒಳ್ಳೆಯದು. ಇಲ್ಲಿನ ಕೆರೆಗಳು ಒಂಟಿಯಲ್ಲ. ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ ಹೋಗುವ ಸರಪಳಿ. ಒಂದು ಕೆರೆಯ ಕೋಡಿಯಿಂದ ಹೊರಟು ಕಾಲುವೆಯ ದಂಡೆ ಗುಂಟ ಓಡಿದರೆ ಮುಂದಿನ ಕೆರೆಯ ಹಿನ್ನೀರು ಸಿಗುತ್ತದೆ, ಅದನ್ನು ಅರ್ಧ ಸುತ್ತಿ ಅದರ ಏರಿ, ಅದರ ಕೋಡಿ, ಮತ್ತೆ ಕಾಲುವೆ. ಹೀಗೆ ಮೂರು ಕೆರೆ ಮುಟ್ಟಿ ಹಿಂತಿರುಗಿದರೆ ಭಾನುವಾರದ ಓಟ ಪೂರ್ತಿ. ಓಡಿ ನೋಡಿದಾಗಲೇ ಸರಪಳಿ ಎಲ್ಲಿ ತುಂಡಾಗಿದೆ ಎಂದು ತಿಳಿಯುವುದು: ಒಂದು ಕಡೆ ಕಾಲುವೆ ಹೊಲದೊಳಗೆ ಮಾಯ, ಇನ್ನೊಂದು ಕಡೆ ಬಡಾವಣೆಗೆ ಸುರಿದ ಮಣ್ಣು, ಮತ್ತೊಂದು ಕಡೆ ಕೋಳಿ ಅಂಗಡಿಗಳ ಕಸ. ಮೇಲಿನ ಕೆರೆ ಕೋಡಿ ಹರಿದರೂ ಕೆಳಗಿನದು ಏಕೆ ತುಂಬಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ದಂಡೆಯ ಮೇಲೇ ಬಿದ್ದಿರುತ್ತದೆ.

ಹೆಣ್ಣುಮಕ್ಕಳು ಈ ಸುತ್ತಿನಲ್ಲಿ ಕಾಣುವುದಿಲ್ಲ. ಪೊಲೀಸ್ ನೇಮಕಾತಿಗೆ ಅವರೂ ಓಡಬೇಕು, ಓಡುವುದು ಶಾಲೆಯ ಮೈದಾನದಲ್ಲಿ, ಬೆಳಕು ಹರಿದ ಮೇಲೆ. ಜಾಲಿ ಪೊದೆ ಮುಚ್ಚಿದ ನಿರ್ಜನ ದಾರಿಗೆ ಮಗಳನ್ನು ಕಳಿಸಲು ಯಾವ ಅಮ್ಮನೂ ಒಪ್ಪುವುದಿಲ್ಲ. ಅವರ ಅಳುಕು ಸರಿಯಾದದ್ದೇ.

ಈಚೆಗೆ ಕೆರೆ ಅಭಿವೃದ್ಧಿ ಎಂದರೆ ಏರಿಗೆ ಗ್ರಿಲ್, ವಾಕಿಂಗ್ ಪಾತ್, ಸಿಮೆಂಟ್ ಬೆಂಚು, ದೀಪದ ಕಂಬ. ಹಣ ಏರಿಯ ಮೇಲೆಯೇ ಮುಗಿಯುತ್ತದೆ. ಓಡುವವರಿಗೆ ಅದರಿಂದ ಉಪಯೋಗವಿಲ್ಲ, ಸುತ್ತಲೂ ಸಿಮೆಂಟ್ ಹಾಸಿದರೆ ಹಕ್ಕಿಗಳಿಗೂ ದನಗಳಿಗೂ ಜಾಗವಿಲ್ಲ. ನಾನು ಕೇಳುವುದು ಕಡಿಮೆ ಖರ್ಚಿನದು. ಹಿನ್ನೀರಿನ ಬದಿಯ ಸರ್ವೆ ಮಾಡಿಸಿ, ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿ ಬಾಂದುಕಲ್ಲು ನೆಡಬೇಕು. ಬರದ ವರ್ಷದ ನೀರಿನ ಅಂಚನ್ನು ಅಳತೆ ಮಾಡಿ ಅದನ್ನೇ ಗಡಿ ಎನ್ನಬಾರದು. ಆ ಕಲ್ಲುಗಳ ಸಾಲಿನಲ್ಲಿ ಗಾಡಿಯಗಲದ ಮಣ್ಣು ದಾರಿ ಬಿಟ್ಟು, ಎರಡೂ ಕಡೆ ಜಾಲಿ ಸವರಿದರೆ ಸಾಕು. ಉದ್ಯೋಗ ಖಾತರಿಯಲ್ಲಿ ಮಾಡಿಸಬಹುದಾದ ಕೆಲಸ ಇದು. ಕಾಲುವೆ ಕೆರೆ ಸೇರುವ ಕಡೆ ಚಪ್ಪಡಿ ಕಲ್ಲು ಹಾಸಬೇಕು. ನಮ್ಮ ಜಿಲ್ಲೆಯಲ್ಲಿ ಚಪ್ಪಡಿಗೆ ಬರವಿಲ್ಲ. ಹಾಸಿದರೆ ನೇಮಕಾತಿಗೆ ಓಡುವ ಹುಡುಗರು ದಾಟುತ್ತಾರೆ, ಹುಡುಗಿಯರೂ ಜೊತೆಯಾಗಿ ಬರಲು ಧೈರ್ಯ ಮಾಡಬಹುದು, ಆಚೆ ದಡದ ಹೊಲಕ್ಕೆ ಬುತ್ತಿ ಹೊತ್ತು ಹೋಗುವವರು ಮಳೆಗಾಲ ಪೂರ್ತಿ ಏರಿಯ ಮೇಲಿಂದ ಸುತ್ತಿ ಬರುವುದು ತಪ್ಪುತ್ತದೆ.